ಹಲಗೆಯ ಮೇಲಿಲ್ಲದ ಬೀಗದ ಕೈ

ಪೂಜ್ಯ ಅತ್ತೆಮ್ಮನವರಿಗೆ,

ನೀವು ಹೋದ ಮೇಲೆ ಮೂರು ಉಗಾದಿ ಕಳೆದವು. ಮನೆ ನೀವು ಬಿಟ್ಟುಹೋದ ಹಾಗೆಯೇ ನಡೆದಿದೆ. ನಿಮಗೆ ಅಕ್ಷರ ಬರುತ್ತಿರಲಿಲ್ಲ. ಬಂದ ಕಾಗದಗಳನ್ನೆಲ್ಲ ಹೈಸ್ಕೂಲು ಓದಿದ ಸೊಸೆಯಿಂದಲೇ ಓದಿಸಿ ಕೇಳುತ್ತಿದ್ದಿರಿ. ಇದನ್ನು ಅಲ್ಲಿ ಯಾರು ಓದಿ ಹೇಳುತ್ತಾರೋ ಕಾಣೆ. ಆದರೂ ಬರೆಯದೆ ಇರಲಾರೆ. ನಾನೊಂದು ತಪ್ಪು ಮಾಡಿದೆ, ಅದೂ ನಿಮ್ಮ ಮಾತನ್ನು ಪಾಲಿಸಲು ಹೋಗಿ.

ನಾನು ಈ ಮೊಳಕಾಲ್ಮೂರಿನ ಮನೆಗೆ ಬಂದ ಹೊಸತು. ರಾಯದುರ್ಗದಿಂದ ಬಂದಿದ್ದ ರೇಷ್ಮೆ ವ್ಯಾಪಾರಿ ಸೀರೆಯ ಸೆರಗನ್ನು ಹಿಡಿದು ಏನೋ ಕೇಳಿದ, ನಾನು ತಪ್ಪು ಹೇಳಿದೆ. ಆತ ನಕ್ಕ. ನೀವು ನಗಲಿಲ್ಲ. ಆತ ಗಾಡಿ ಹತ್ತಿದ ಮೇಲೆ, "ಒಳಗೆ ಎಷ್ಟಾದ್ರೂ ತಪ್ಪು. ಹೊರಗಿನೋರ ಮುಂದೆ ಈ ಮನೆಯೋರು ತಪ್ಪಬಾರ್ದು, ತಿಳೀತಾ?" ಅಂದಿರಿ. ಅಂದಿನಿಂದ ಯಾರೇ ಬರಲಿ, ನಮ್ಮಲ್ಲಿ ಹಿಂದಿನ ದಿನವೇ ಉತ್ತರಗಳ ಪಾಠ. ಮಕ್ಕಳಿಗೆ, ಆಳುಗಳಿಗೆ, ನಮ್ಮ ನೂಲಿನಲ್ಲಿ ನೇಯುವ ನೇಕಾರರಿಗೆ. ಮೊದಲು ನೀವು ಹೇಳಿಕೊಡುತ್ತಿದ್ದಿರಿ, ಆಮೇಲೆ ನಾನು.

ಈ ಬೇಸಿಗೆಯಲ್ಲಿ ಗಿರಿಜೆ ಮೈಸೂರಿನಿಂದ ಬಂದಾಗ ಅವಳ ಟ್ರಂಕಿನಲ್ಲಿ ಬಟ್ಟೆಗಿಂತ ಮೇಲೆ ಒಂದು ಹಲಗೆ ಇತ್ತು. ನಿಮ್ಮ ಮೊಮ್ಮಗಳು ಬಿ.ಎ. ಮುಗಿಸಿದಳು, ಅತ್ತೆಮ್ಮ. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರಕ್ಕೆಂದೇ ಪ್ರಯೋಗಶಾಲೆ ತೆರೆದಿದ್ದಾರೆ, ಅದಕ್ಕೆ ಸೇರಬೇಕೆಂದು ಹಟ ಹಿಡಿದಳು.

"ಮನಸ್ಸನ್ನ ಯಾತರಾಗೆ ಅಳೀತಾರೆ? ಸೇರಿನಾಗೋ, ಗಜದಾಗೋ?" ಎಂದೆ.

"ಏನು ನೆನಪಿರ್ತೈತೆ, ಏನು ಮರೀತೈತೆ, ಇಲ್ಲದ್ದು ಯಾಕೆ ಕಂಡಂಗೆ ಆಗ್ತೈತೆ, ಅದನ್ನ ನೋಡ್ತಾರವ್ವ."

ಪ್ರೊಫೆಸರು ಒಂದು ಷರತ್ತು ಹಾಕಿದ್ದರು. ಹಲಗೆಯ ಮೇಲೆ ಹನ್ನೆರಡು ಚಿತ್ರಗಳು. ಹತ್ತು ಎಣಿಸುವಷ್ಟು ಹೊತ್ತು ತೋರಿಸಿ ಬಟ್ಟೆ ಮುಚ್ಚಬೇಕು. ಕೂತವರು ಏನೇನು ಕಂಡೆವೆಂದು ಹೇಳುತ್ತಾರೋ ಅದನ್ನು ಹಾಗೆಯೇ ಬರೆದುಕೊಳ್ಳಬೇಕು. ಇಪ್ಪತ್ತು ಜನರ ಹಾಳೆ ತಂದರೆ ಪ್ರವೇಶ, ಇಲ್ಲದಿದ್ದರೆ ಇಲ್ಲ.

ಮೊದಲ ದಿನ ಎಂಟು ಜನ ಕೂತರು. ನೂಲು ಸುತ್ತುವ ತಿಪ್ಪಮ್ಮ ಇಲ್ಲದ ಮೇಕೆಯನ್ನು ಕಂಡೆ ಅಂದಳು. ಜಗಲಿಯೆಲ್ಲ ನಕ್ಕಿತು. "ನಗ್ರಿ ನಗ್ರಿ, ನನ್ ಮೇಕೆ ನಿಮ್ ಕಣ್ಣಿಗೆ ಬೀಳ್ಲಿಲ್ಲ ಅಷ್ಟೆ," ಅಂತ ಅವಳೂ ನಕ್ಕಳು. ನನಗೆ ಮೈ ಉರಿಯಿತು. ಈ ಹಾಳೆಗಳೆಲ್ಲ ಮೈಸೂರಿಗೆ ಹೋಗುತ್ತವೆ, ನಮ್ಮ ಮನೆಯ ಹೆಸರು ಹೊತ್ತು. ಅಲ್ಲಿಯವರು ಏನಂದುಕೊಂಡಾರು? ನೀವಿದ್ದಿದ್ದರೆ ಸುಮ್ಮನಿರುತ್ತಿದ್ದಿರಾ?

ಆ ಸಂಜೆ ಉಳಿದ ಹನ್ನೆರಡು ನೇಕಾರರನ್ನು ಹಿತ್ತಲಿಗೆ ಕರೆಸಿದೆ. ಹಗಲಿನಲ್ಲಿ ಹಲಗೆಯನ್ನು ಒಂದು ಸಲ ನೋಡಿದ್ದೆ, ನನಗೆ ಅಷ್ಟು ಸಾಕಲ್ಲ! ಛತ್ರಿ, ಕುದುರೆ, ಕತ್ತರಿ, ಬೀಗ, ಬೀಗದ ಕೈ... ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದೆ. ಮರುದಿನ ಹಿರಿಯ ನೇಕಾರ ಓಬಳಪ್ಪ ಕೈಕಟ್ಟಿ ನಿಂತು ಒಂದೇ ಉಸಿರಿಗೆ ಒಪ್ಪಿಸಿದ. ಗಿರಿಜೆಯ ಮುಖ ಅರಳಿತು. ಎರಡನೆಯವನೂ ಹಾಗೇ. ಮೂರನೆಯವನೂ. ಅವಳ ಪೆನ್ಸಿಲು ನಿಧಾನವಾಯಿತು. ಹನ್ನೆರಡನೆಯವನು ಎದ್ದುಹೋದ ಮೇಲೆ ನನ್ನ ಕಡೆ ತಿರುಗಿದಳು.

"ಅವ್ವ, ಎಲ್ಲಾರೂ ಬೀಗದ ಕೈ ಅಂದ್ರು. ಎಲ್ಲೈತೆ ತೋರ್ಸು."

"ಬೀಗದ ಪಕ್ಕದಾಗೈತೆ. ಕಣ್ಣಿಲ್ವ ನಿಂಗೆ?"

ಅವಳು ಬಟ್ಟೆ ತೆಗೆದಳು. ಬೀಗವಿತ್ತು. ಅದರ ಪಕ್ಕದಲ್ಲಿ ಬಾಚಣಿಗೆ. ಎರಡು ಸಲ ನೋಡಿದೆ, ಹಲಗೆಯ ಹಿಂಬದಿಯನ್ನೂ ನೋಡಿದೆ. ಬೀಗದ ಕೈ ಎಲ್ಲಿಯೂ ಇರಲಿಲ್ಲ. ಓಬಳಪ್ಪ ತಲೆ ಕೆರೆಯುತ್ತ, "ಅಮ್ಮಾರು ಹೇಳಿದ್ ಮ್ಯಾಲೆ ಇರ್ಲೇಬೇಕಲ್ಲ ಅಂತ..." ಅಂದ.

ಹನ್ನೆರಡು ಜನರ ಬಾಯಲ್ಲಿ ನನ್ನ ತಪ್ಪು, ಅತ್ತೆಮ್ಮ. ಒಂದೇ ಒಂದು, ನನ್ನದೇ.

"ಅದೊಂದು ಹೊಡೆದು ಹಾಕು. ಯಾರಿಗೆ ಗೊತ್ತಾಗ್ತೈತೆ?" ಎಂದೆ.

"ನಂಗೆ ಗೊತ್ತಾಗ್ತೈತಲ್ಲವ್ವ. ತಿಪ್ಪಮ್ಮನ ಮೇಕೇನೇ ನಂಗೆ ಬೇಕಾಗಿದ್ದು. ತಪ್ಪು ಹೆಂಗೆ ಆಗ್ತೈತೆ ಅನ್ನೋದೇ ಪಾಠ. ನೀನು ಅದನ್ನೇ ತೊಳೆದು ಕೊಟ್ಟೆ," ಅಂದು ಒಳಗೆ ಹೋದಳು. ಅಳುತ್ತಿದ್ದಳೋ ಏನೋ, ನಾನು ಹೋಗಿ ನೋಡಲಿಲ್ಲ. ನೋಡಬೇಕಿತ್ತು.

ಪ್ರವೇಶಕ್ಕೆ ಉಳಿದದ್ದು ಒಂಬತ್ತು ದಿನ. ಈ ಊರಿನಲ್ಲಿ ಆಗಲೇ ಎಲ್ಲರಿಗೂ ಪಾಠ ಬಾಯಿಗೆ ಬಂದಿತ್ತು. ನಾನೇ ಗಾಡಿ ಕಟ್ಟಿಸಿದೆ. ತಳಕಿನಲ್ಲಿ ಎತ್ತುಗಳಿಗೆ ನೀರು ಕುಡಿಸಿ ಚಳ್ಳಕೆರೆಯ ನನ್ನ ತವರಿಗೆ ಹೋದೆವು. ದಾರಿಯುದ್ದಕ್ಕೂ ಅವಳು ಹಲಗೆಯನ್ನು ನನಗೆ ಮುಟ್ಟಲೂ ಕೊಡದೆ ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದಳು. ಮನೆ ತಲುಪಿದ ಮೇಲೆ, "ನೀನು ಹೊರಗೆ ಕೂತ್ಕೋ," ಅಂದಳು. ನನಗೆ! ಕೂತೆ. ಸರದಿಗೆ ಕಾದಿದ್ದ ಕಂಬಳಿ ನೇಯುವ ಹೆಂಗಸೊಬ್ಬಳು ನನ್ನ ಸೆರಗು ಜಗ್ಗಿ, "ಒಳಗೇನ್ ಕೇಳ್ತಾರೆ ಅಮ್ಮಾರೆ? ಮೊದ್ಲೇ ಹೇಳ್ಬಿಟ್ರೆ ಮರ್ಯಾದಿ ಉಳೀತೈತೆ," ಅಂದಳು. ನಾಲಿಗೆಯ ತುದಿಗೆ ಬಂದಿತ್ತು.

"ನಂಗೇನೂ ಗೊತ್ತಿಲ್ಲ, ಹೋಗವ್ವ."

ನನ್ನ ಅಣ್ಣನೇ ಐದು ಹೇಳಿ ಏಳು ಬಿಟ್ಟ. "ಎಂಥಾ ದರಿದ್ರ ಹಲಗೆ ತಂದಾಳೆ ನಿನ್ ಮಗ್ಳು!" ಎಂದು ಹೆಗಲ ಮೇಲಿನ ವಲ್ಲಿ ಕೊಡವಿ ಹೊರಗೆ ಬಂದ. ಒಳಗಿನಿಂದ ಗಿರಿಜೆಯ ನಗು ಕೇಳಿಸಿತು. ಎಷ್ಟು ದಿನವಾಗಿತ್ತು!

ಹನ್ನೆರಡು ಹೊಸ ಹಾಳೆಗಳ ಜೊತೆಗೆ ಕೆಟ್ಟ ಹನ್ನೆರಡನ್ನೂ ಅವಳು ಕಟ್ಟಿದಳು. ಅವು ಕೆಟ್ಟದ್ದು ಹೇಗೆಂದು ಪ್ರೊಫೆಸರಿಗೆ ನಾನೇ ಕಾಗದ ಬರೆದೆ. ನೇಕಾರರ ತಪ್ಪಿಲ್ಲ, ಹುಡುಗಿಯ ತಪ್ಪಿಲ್ಲ, ಹೇಳಿಕೊಟ್ಟವಳು ನಾನು ಎಂದು. ಮೂರು ಸಲ ಹರಿದು ನಾಲ್ಕನೆಯ ಸಲ ರುಜು ಹಾಕಿದೆ. ನೀವು ನನ್ನನ್ನು ಕ್ಷಮಿಸುತ್ತೀರೋ ಇಲ್ಲವೋ...

ನಿನ್ನೆ ಉತ್ತರ ಬಂತು. ನಿಮ್ಮ ಮೊಮ್ಮಗಳನ್ನು ಪ್ರಯೋಗಶಾಲೆಗೆ ಸೇರಿಸಿಕೊಂಡಿದ್ದಾರೆ. ಹೊಸ ವಿದ್ಯಾರ್ಥಿಗಳನ್ನು ಮೊದಲ ದಿನ ಪ್ರೊಫೆಸರು ತಮ್ಮ ಮನಸ್ಸಳೆಯುವ ಯಂತ್ರಗಳ ಮುಂದೆ ತಾವೇ ಕೂರಿಸಿ ಪರೀಕ್ಷಿಸುತ್ತಾರಂತೆ, ಎಲ್ಲರೆದುರಿಗೆ. ಇವಳೊಬ್ಬಳೇ ಹೆಣ್ಣು. ತಪ್ಪುತ್ತಾಳೆ, ತಪ್ಪಲಿ. ಸೋಮವಾರ ನಾನೇ ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ. ಆ ಕೋಣೆಯ ಬಾಗಿಲ ತನಕ ಬಿಟ್ಟು, ಒಂದು ಮಾತೂ ಹೇಳಿಕೊಡದೆ ತಿರುಗಿ ಬರುತ್ತೇನೆ.

ನಿಮ್ಮ ಹಿರಿಸೊಸೆ,
ಪಾರ್ವತಮ್ಮ