ಖಾಲಿ ಉಳಿದ ಕೊಕ್ಕೆ

ಮನೆಯಿಂದ
ಹತ್ತನೇ ತಾರೀಖು, ಸೋಮವಾರ ಬೆಳಿಗ್ಗೆ

ಪ್ರೀತಿಯ ಗಟ್ಟಿಬಾಯಿಗೆ,

ಹೇಗಿದ್ದೀಯ ಮಗಳೇ? ಅಳಿಯಂದಿರು ಚೆನ್ನಾಗಿದ್ದಾರೆಯೇ? ನಿನ್ನ ಕೆಮ್ಮು ಪೂರ್ತಿ ಬಿಟ್ಟಿತೋ, ಇಲ್ಲ ಚಳಿ ಬಿದ್ದ ಕೂಡಲೇ ಮತ್ತೆ ಹಾಜರಾಗುತ್ತದೋ? ನಾನು ಆರಾಮವಾಗಿದ್ದೇನೆ. ಮೊಣಕಾಲು ಮಾತ್ರ ಏಣಿ ಕಂಡರೆ ಗೊಣಗುತ್ತದೆ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಒಬ್ಬನ ಅಳತೆ ಇನ್ನೂ ಕೈಗೆ ಬಂದಿಲ್ಲ, ದಿನವೂ ಮಿಗುತ್ತದೆ.

ನಮ್ಮ ಕ್ರೀಡಾಂಗಣದಲ್ಲಿ ನಾಲ್ಕು ನೆರೆದೇಶಗಳ ಫುಟ್‌ಬಾಲ್ ಪಂದ್ಯಾವಳಿ ನಡೆಯುತ್ತಿರುವುದು ನಿನಗೂ ಗೊತ್ತಿರಬೇಕು. ಅಂಕ ತೋರಿಸುವ ದೀಪದ ಫಲಕ ಹೋದ ವರ್ಷದಿಂದ ಕೆಟ್ಟು ಕೂತಿದೆ. ಹಾಗಾಗಿ ನಮ್ಮ ಹಳೆಯ ತಗಡಿನ ಫಲಕಕ್ಕೇ ಮತ್ತೆ ಯೋಗ ಬಂದಿದೆ. ನೀನು ಬೆಳೆದದ್ದೇ ಅದರ ಬೆನ್ನ ಹಿಂದೆ. ನಾನು ಏಣಿಯ ಮೇಲೆ, ಕಿಂಡಿಗೆ ಕಣ್ಣಿಟ್ಟುಕೊಂಡು. ಅಮ್ಮ ಕೆಳಗೆ, ಅಂಕಿಯ ತಗಡುಗಳನ್ನು ಸಾಲಾಗಿ ಒರಗಿಸಿಕೊಂಡು. ಗೋಲು ಬಿದ್ದರೆ ನಾನು ಹಳೆಯ ಅಂಕಿಯನ್ನು ಕೊಕ್ಕೆಯಿಂದ ತೆಗೆದು, ತಿರುಗಿಯೂ ನೋಡದೆ ಕೈ ಕೆಳಗೆ ಚಾಚುತ್ತಿದ್ದೆ. ಬೇಕಾದ ತಗಡು ಬಂದು ಕೈಯಲ್ಲಿ ಕೂರುತ್ತಿತ್ತು. ಇಪ್ಪತ್ತಾರು ವರ್ಷ ಒಂದು ದಿನವೂ ತಪ್ಪಲಿಲ್ಲ. ಅಮ್ಮ ಆ ಕೆಲಸ ನಿನ್ನ ಕೈಗೆ ಕೊಟ್ಟಾಗ ಮಾತ್ರ ತಪ್ಪುತ್ತಿತ್ತು. ನೀನು ತಗಡು ಹಿಡಿದುಕೊಂಡೇ ಕುಣಿಯುತ್ತ ಗೋಲ್ ಎಂದು ಕಿರುಚುತ್ತಿದ್ದೆ. ಅಮ್ಮ ಬೈಯುತ್ತಿದ್ದಳು, "ಏ ಗಟ್ಟಿಬಾಯಿ, ಮೊದ್ಲು ತಗಡು ಕೊಡು, ಆಮೇಲೆ ಕೂಗ್ಕೋ!"

ಮೊನ್ನೆ ಶನಿವಾರ ನಮ್ಮ ತಂಡಕ್ಕೂ ನಿಮ್ಮ ತಂಡಕ್ಕೂ ಪಂದ್ಯ. ನಿಮ್ಮದು ಎಂದು ಬರೆಯುವುದು ಈಗಲೂ ವಿಚಿತ್ರವೆನಿಸುತ್ತದೆ, ಆದರೆ ನೀನು ಗಡಿ ದಾಟಿ ಮದುವೆಯಾಗಿ ನಾಲ್ಕು ವರ್ಷವಾಯಿತಲ್ಲ. ಪಂದ್ಯ ಶುರುವಾಗುವ ಮೊದಲು ನಿಮ್ಮ ಕಡೆಯ ಜನ ಕೂತ ಅಟ್ಟಣೆಯನ್ನು ಕಿಂಡಿಯಿಂದ ಸಾಲು ಸಾಲಾಗಿ ಹುಡುಕಿದೆ. ಬರುತ್ತೇನೆಂದು ನೀನು ಹೇಳಿ ಕಳಿಸಿರಲಿಲ್ಲ, ಆದರೂ ಹುಡುಕಿದೆ.

ಎರಡನೇ ಅರ್ಧದಲ್ಲಿ ನಿಮ್ಮವರು ಗೋಲು ಹೊಡೆದರು. ನಾನು ಸೊನ್ನೆ ತೆಗೆದೆ. "ಒಂದು ಕೊಡೇ" ಅಂದು ಕೈ ಚಾಚಿದೆ. ಚಾಚಿಯೇ ನಿಂತೆ. ಅಮ್ಮ ಹೋಗಿ ಐದು ತಿಂಗಳಾಯಿತೆಂಬುದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಫಲಕದಲ್ಲಿ ನಿಮ್ಮ ದೇಶದ ಹೆಸರಿನ ಮುಂದೆ ಸೊನ್ನೆಯೂ ಇಲ್ಲ, ಒಂದೂ ಇಲ್ಲ, ಬರೀ ಕೊಕ್ಕೆ. ಗೋಲು ರದ್ದಾಯಿತೆಂದು ನಮ್ಮವರು ಕುಣಿದರು, ನಿಮ್ಮವರು ಎದ್ದು ಗಲಾಟೆ ಮಾಡಿದರು, ರೆಫರಿ ಫಲಕದ ಕಡೆ ತಿರುಗಿ ಒಂದು ಬೆರಳು ಎತ್ತಿ ತೋರಿಸಿದರು. "ಏನಯ್ಯಾ, ನಿದ್ದೆ ಹೋದ್ಯಾ ಮೇಲೆ?" ಎಂದು ಕಾರ್ಯದರ್ಶಿ ಕೆಳಗೆ ಬಂದು ಕೂಗಿದಾಗಲೇ ನನಗೆ ಎಚ್ಚರ. ಹದಿನಾಲ್ಕು ಮೆಟ್ಟಿಲು ಇಳಿದು, ತಗಡು ತಗೊಂಡು, ಹದಿನಾಲ್ಕು ಹತ್ತಿದೆ. ಆಮೇಲೆ ಏಳನೇ ಗೇಟಿನ ಕಾವಲುಗಾರ, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದವನು, ನಕ್ಕುಬಿಟ್ಟ. "ಮಗಳನ್ನೇ ಕೊಟ್ಟಿದ್ದೀಯ, ಒಂದು ಗೋಲು ಕೊಡೋಕೆ ಕೈ ಬರ್ಲಿಲ್ವೇನೋ?" ನಾನೂ ನಕ್ಕೆ.

ನಿನ್ನ ಕಾರ್ಡು ದಿಂಬಿನ ಕೆಳಗಿದೆ. ಸಾವಿನ ಸುದ್ದಿ ನಿನಗೆ ತಡವಾಗಿ ಮುಟ್ಟಿದ್ದು ಯಾರ ತಪ್ಪೂ ಅಲ್ಲ. ಆದರೆ "ಅಮ್ಮ ನನ್ನನ್ನು ಕ್ಷಮಿಸದೇ ಹೋದಳು, ಇನ್ನು ಯಾವ ಮುಖ ಹೊತ್ತು ಆ ಮನೆಗೆ ಬರಲಿ" ಎಂದು ಬರೆದಿದ್ದೀಯಲ್ಲ, ಅದಕ್ಕೆ ಉತ್ತರ ಕೊಡಲು ಇಷ್ಟು ದಿನ ಆಯಿತು. ನೀನು ಹೊರಟ ದಿನ ಅವಳು "ಇನ್ನು ಈ ಹೊಸ್ತಿಲು ತುಳೀಬೇಡ" ಅಂದದ್ದು ನಿಜ. ಆಮೇಲೆ ನಿಮ್ಮ ದೇಶದ ಹೆಸರನ್ನು ಬಾಯಲ್ಲಿ ತರಲಿಲ್ಲ, "ಆ ಕಡೆಯವರು" ಅನ್ನುತ್ತಿದ್ದಳು. ಆದರೆ ಪಂದ್ಯಾವಳಿಗೆ ಬರುವ ತಂಡಗಳ ಪಟ್ಟಿ ಬಂದಾಗ ನಿಮ್ಮ ಹೆಸರಿನ ತಗಡು ಬಣ್ಣ ಉದುರಿ ಹಾಳಾಗಿತ್ತು. ಬೇರೆಯವರಿಂದ ಬರೆಸುತ್ತೇನೆ ಅಂದೆ. ಅವಳು ಅದನ್ನು ಮನೆಗೆ ತರಿಸಿದಳು. ಅಷ್ಟು ಹೊತ್ತಿಗೆ ಹಾಸಿಗೆ ಹಿಡಿದಿದ್ದಳು. ದಿಂಬಿಗೆ ಒರಗಿ, ತೊಡೆಯ ಮೇಲೆ ತಗಡು ಇಟ್ಟುಕೊಂಡು, ದಿನಕ್ಕೊಂದು ಅಕ್ಷರ ಬರೆದಳು. ಎಂದಿನಂತೆ ಮೊದಲ ಅಕ್ಷರ ದೊಡ್ಡದಾಗಿ, ಕೊನೆಯದು ಜಾಗ ಸಾಲದೆ ಮುದುರಿಕೊಂಡಿದೆ. ಮುಗಿಸಿದ ಮೇಲೆ ನನ್ನ ಕಡೆ ನೋಡದೆ ಇಷ್ಟೇ ಅಂದಳು: "ಅವಳೇನಾದ್ರೂ ನೋಡೋಕೆ ಬಂದ್ರೆ, ನನ್ನ ಕೈಬರಹ ಅಂತ ಗೊತ್ತಾಗುತ್ತೆ ಬಿಡು." ಒಂಬತ್ತು ದಿನ ಕಳೆದ ಮೇಲೆ ಹೋದಳು.

ಇದನ್ನು ಆಗಲೇ ಬರೆಯಬೇಕಿತ್ತು. ಕೂತರೆ ಪೆನ್ನು ಮುಂದೆ ಹೋಗುತ್ತಿರಲಿಲ್ಲ.

ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳು. ನಿನ್ನ ತಲೆ ಮೇಲೆ ನನ್ನ ಎರಡೂ ಕೈ ಇವೆ, ಅಮ್ಮನವೂ ಇವೆ ಅಂದುಕೋ.

ನಿನ್ನ
ಅಪ್ಪ

ಮ.ವಿ.: ಅಂಚೆಯಾದರೆ ಹತ್ತು ದಿನವಾದೀತೆಂದು ಗಡಿ ದಾಟುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಆತ ಆಗಲೇ ಸೀಟಿ ಊದುತ್ತಿದ್ದಾನೆ. ಭಾನುವಾರ ಫೈನಲ್ಲಿಗೂ ನಮ್ಮವರೇ, ನಿಮ್ಮವರೇ. ಅಮ್ಮ ಬರೆದ ತಗಡು ಮೇಲೆ ಇರುತ್ತದೆ. ಕೆಳಗೆ ನಿಲ್ಲಲು ಯಾರನ್ನಾದರೂ ಕಳಿಸುತ್ತೇನೆಂದು ಕಾರ್ಯದರ್ಶಿ ಹೇಳಿದರು, ಬೇಡ ಅಂದಿದ್ದೇನೆ. ಏಳನೇ ಗೇಟಿನಲ್ಲಿ ನಿನ್ನನ್ನು ಯಾರೂ ತಡೆಯುವುದಿಲ್ಲ. ನಿಮ್ಮವರು ಗೋಲು ಹೊಡೆದರೆ ಎಷ್ಟು ಬೇಕಾದರೂ ಕೂಗಿಕೋ, ನಾನೇನೂ ಅನ್ನುವುದಿಲ್ಲ. ಮೊದಲು ತಗಡು ಕೊಡು.