ಚಪ್ಪಾಳೆ ತಟ್ಟಿ ಕಿವಿ ಪರೀಕ್ಷಿಸಿದವರಿಗೆ

ನನ್ನ ಮಗಳ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದ ಮಾನ್ಯ ಅಧಿಕಾರಿಗಳೇ,

ಆರು ವರ್ಷದ ರಕ್ಷಿತಾಳಿಗೆ ಕಿವಿ ಕೇಳಿಸುತ್ತದೆ ಎಂದು ಒಮ್ಮೆ, ಕೇಳಿಸುವುದೇ ಇಲ್ಲ ಎಂದು ಇನ್ನೊಮ್ಮೆ ಬರೆದು, ಎರಡೂ ಸಲ ಅವಳ ಅರ್ಜಿಯನ್ನು ತಿರಸ್ಕರಿಸಿದ್ದೀರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ನೋಡಿದ್ದೆ. ಎತ್ತೂ ಇಲ್ಲ, ಕೊಟ್ಟಿಗೆಯೂ ಇಲ್ಲ ಅನ್ನುವವರನ್ನು ನಿಮ್ಮ ಕಚೇರಿಯಲ್ಲೇ ನೋಡಿದ್ದು.

ತಮಗೆ ತಿಳಿದಿಲ್ಲವೆಂದು ಕಾಣುತ್ತದೆ, ಆದ್ದರಿಂದ ಹೇಳುತ್ತೇನೆ. ನನ್ನ ಮಗಳ ಕಿವಿಯ ಒಳಗೆ ಸರ್ಕಾರವೇ ಆಪರೇಷನ್ ಮಾಡಿಸಿ ಒಂದು ಯಂತ್ರ ಇರಿಸಿದೆ. ಅದಕ್ಕೆ ಬ್ಯಾಟರಿ ಇಲ್ಲ, ಹೊರಗೆ ಬರುವ ತಂತಿಯೂ ಇಲ್ಲ. ಕಿವಿಯ ಹಿಂದೆ ತೊಡುವ ಪ್ರೊಸೆಸರ್ ಸದ್ದನ್ನು ಹಿಡಿಯುತ್ತದೆ. ಅದರ ಜೊತೆಗಿರುವ ಬಿಲ್ಲೆ ಅಯಸ್ಕಾಂತದಿಂದ ತಲೆಗೆ ಅಂಟಿಕೊಂಡು ಕರೆಂಟನ್ನೂ ಸದ್ದನ್ನೂ ಚರ್ಮದಾಚೆಗೆ ದಾಟಿಸುತ್ತದೆ. ಹೊರಗಿನದು ಕೆಟ್ಟರೆ ಒಳಗಿನದು ಸುಮ್ಮನೆ ಮಲಗುತ್ತದೆ. ಕೈಗಾ ಅಣುಸ್ಥಾವರದ ಕರೆಂಟು ಗುಡ್ಡ, ಕಾಡು ದಾಟಿ ಊರೂರಿಗೆ ಹೋಗುತ್ತದೆ. ನನ್ನ ಮಗಳ ಕರೆಂಟು ದಾಟಬೇಕಾದದ್ದು ಬರೀ ಅವಳ ಚರ್ಮವನ್ನು. ಅಡ್ಡ ಬಂದಿರುವುದು ನಿಮ್ಮ ಎಮ್ಮೆ ಚರ್ಮ.

ಕಾರವಾರದ ಉಪ್ಪುಗಾಳಿಗೆ ಬೈಕಿನ ಚೈನೇ ಉಳಿಯುವುದಿಲ್ಲ, ಇನ್ನು ಆ ಪ್ರೊಸೆಸರ್ ಉಳಿದೀತೆ? ಈ ಮಳೆಗಾಲದಲ್ಲಿ ಕೆಟ್ಟಿತು. ರಿಪೇರಿ ಆಗದು ಎಂದರು. ಹೊಸದಕ್ಕೆ ಅರ್ಜಿ ಹಾಕಿದೆವು. ಆಸ್ಪತ್ರೆಯವರು ಕನಿಕರಪಟ್ಟು ಕೆಲವು ದಿನಕ್ಕೆ ತಮ್ಮಲ್ಲಿದ್ದ ಒಂದನ್ನು ಅವಳಿಗೆ ಹೊಂದಿಸಿ ಕೊಟ್ಟಿದ್ದರು. ಅದನ್ನೇ ತೊಡಿಸಿ ಅವಳನ್ನು ನಿಮ್ಮ ಮುಂದೆ ಕರೆತಂದೆ. ನೀವು ಹೆಸರು, ಊರು ಕೇಳಿದಿರಿ. "ರಕ್ಷಿತಾ. ನಮ್ಮನೆ ಕಿನ್ನರದಾಗೆ ಅದೆ" ಎಂದು ಹುಡುಗಿ ಪಟಪಟ ಹೇಳಿದಳು. ನನಗೋ ಹೆಮ್ಮೆ. ನೀವು ಬರೆದದ್ದು: "ಮಗುವಿಗೆ ಶ್ರವಣಶಕ್ತಿ ಇದೆ, ಉಪಕರಣ ಅನಗತ್ಯ."

ಎರಡನೇ ಸಲ ಅಂಕೋಲಾದ ಶಿಬಿರಕ್ಕೆ ಕರೆದಿರಿ. ಅಷ್ಟರಲ್ಲಿ ಆಸ್ಪತ್ರೆಯದ್ದನ್ನು ಹಿಂದಿರುಗಿಸಿದ್ದೆವು. ನೀವು ಅವಳ ಹಿಂದೆ ನಿಂತು ಚಪ್ಪಾಳೆ ತಟ್ಟಿದಿರಿ. ಅವಳು ಗೋಡೆಯ ಹಲ್ಲಿಯನ್ನು ನೋಡುತ್ತ ನಿಂತಿದ್ದಳು. ನಿಮ್ಮ ಷರಾ: "ಶಸ್ತ್ರಚಿಕಿತ್ಸೆ ವಿಫಲ, ಉಪಕರಣ ನೀಡಿ ಪ್ರಯೋಜನವಿಲ್ಲ."

ಜೊತೆಗೆ ಬಂದಿದ್ದ, ಬೀರಿ ಎಂಬ ನನ್ನ ಅತ್ತೆ ತಡೆಯಲಾರದೆ ಕೇಳಿಯೇಬಿಟ್ಟರು: "ಅಲ್ಲ ಸಾಯೇಬ್ರೆ, ಕೇಳ್ತದೆ ಅಂದ್ರೂ ಕೊಡೂದಿಲ್ಲ, ಕೇಳೂದಿಲ್ಲ ಅಂದ್ರೂ ಕೊಡೂದಿಲ್ಲ. ಮತ್ತೆಂತ, ಅರ್ಧ ಕೇಳೂ ಹಂಗೆ ಮಾಡ್ಕಂಡಿ ತರೂದಾ?" ನೀವು "ಮುಂದಿನವರು ಬನ್ನಿ" ಎಂದಿರಿ.

ಕೇಳದ ಮಗು ಮಾತನ್ನೂ ಮರೆಯುತ್ತದೆ, ಸ್ವಾಮಿ. ಪಟಪಟ ಎನ್ನುತ್ತಿದ್ದವಳು ಈಗ ಅರ್ಧರ್ಧ ಶಬ್ದ ಆಡುತ್ತಾಳೆ. ಅಮ್ಮನಾದ ನನ್ನನ್ನು ‘ಆಯಿ’ ಎನ್ನುವುದು ‘ಆ’ ಆಗಿದೆ. ಅಂಟಿಕೊಳ್ಳಲು ಕರೆಂಟು ಬೇಡವಲ್ಲ, ಅದಕ್ಕೇ ಅವಳು ದಿನಾ ಬೆಳಿಗ್ಗೆ ಕೆಟ್ಟ ಬಿಲ್ಲೆಯನ್ನೇ ತಲೆಗೆ ಅಂಟಿಸಿಕೊಂಡು ನನ್ನ ಬಾಯಿ ನೋಡುತ್ತ ಕೂರುತ್ತಿದ್ದಳು. ಮೊನ್ನೆ ಅದನ್ನು ತಾನೇ ತೆಗೆದು ಕಬ್ಬಿಣದ ಕಪಾಟಿಗೆ ಅಂಟಿಸಿ ಆಡಲು ಹೋದಳು. ಆಮೇಲೆ ಅದನ್ನು ಬೇಕೆಂದು ಕೇಳಿಲ್ಲ.

ಈಗ ಮೂರನೇ ಪರೀಕ್ಷೆಗೆ ಕರೆದಿದ್ದೀರಿ. ನಾವು ಬರುವುದಿಲ್ಲ. ಆಪರೇಷನ್ ಮಾಡಿದ ವೈದ್ಯರನ್ನು ಕೇಳಿ, ಈ ತಿಂಗಳೊಳಗೆ ಹೊಸ ಪ್ರೊಸೆಸರ್ ಮಂಜೂರು ಮಾಡಿ. ಅದನ್ನು ತೆಗೆದುಕೊಂಡು ನೀವೇ ಕಿನ್ನರಕ್ಕೆ ಬನ್ನಿ. ಅವಳಿಗೆ ತೊಡಿಸಿ, ಆಮೇಲೆ ಬೇಕಾದರೆ ಹಿಂದೆ ನಿಂತು ಚಪ್ಪಾಳೆ ತಟ್ಟಿ. ತಿರುಗಿ ನೋಡುತ್ತಾಳೆ.

ಇಂತಿ,
ರಕ್ಷಿತಾ ‘ಆಯಿ’ ಎಂದು ಕರೆಯುತ್ತಿದ್ದ
ಯಶೋದಾ, ಕಿನ್ನರ