ತಾರಸಿ ಹಾಕಿದವನು

ಫೆಬ್ರವರಿ 12, ಬುಧವಾರ. ಗುಂಡ್ಲುಪೇಟೆ

ತಾರಸಿಗೆ ನೀರು ಹುಯ್ದು ನೋಡದೆ ಮನೆ ಕೊಳ್ಳಬಾರದು, ಹೀಗೇ ಏನೋ ಹೇಳಿದ್ದಳು ಹೆಂಡತಿ ಅನು, ಚಾಮರಾಜನಗರದಿಂದ ಫೋನಿನಲ್ಲಿ. ನಾಳೆ ರಿಜಿಸ್ಟರ್ ಆಗಬೇಕಾದ ಮನೆಗೆ ಇವತ್ತು ಗಾರೆ ಮೇಸ್ತ್ರಿ ಚಿಕ್ಕಮಾದಯ್ಯನವರನ್ನು ಕರೆದೊಯ್ದೆ. ಇಪ್ಪತ್ತು ಕೊಡ ನೀರು ಹುಯ್ದು ಕೆಳಗಿಳಿದು ಕಾದೆವು. ಅಡುಗೆಮನೆಯ ಮೂಲೆ ಮೆಲ್ಲಗೆ ಒದ್ದೆಯಾಯಿತು. ಮೇಸ್ತ್ರಿ ಮನೆಯೊಡತಿಯತ್ತ ತಿರುಗಿದರು.

"ಯಾವ ದಡ್ಡ ನನ್ಮಗ ಕಣವ್ವ ಈ ತಾರಸಿ ಹಾಕ್ದವ್ನು?"

ಮನೆಯೊಡತಿ ಮಲ್ಲಿಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ನೀನೇ ಕಣಣ್ಣ. ನಮ್ ಮಗಳು ಉಟ್ಟಿದ್ ವರ್ಸ. ಮರ್ತ್‌ಬುಟ್ಟಾ?"

ಮೇಸ್ತ್ರಿ ಕತ್ತೆತ್ತಿ ಆ ಮೂಲೆಯನ್ನು ಮತ್ತೊಮ್ಮೆ ನೋಡಿದರು. ಆಮೇಲೆ ನಮ್ಮಿಬ್ಬರಿಗಿಂತ ಜೋರಾಗಿ ನಕ್ಕರು. "ಅಂಗಾರೆ ನಾನ್ ಬೈದದ್ದು ಸರೀಗೇ ಅದ. ನಾನೇ ಸರಿ ಮಾಡ್ಕೊಡ್ತೀನಿ ಬುಡಿ, ಕೂಲಿ ಬ್ಯಾಡ."

ಸೋರುವುದನ್ನು ಕಣ್ಣಾರೆ ಕಂಡ ಮೇಲೂ ಆ ಮನೆಯ ಮೇಲೆ ಆಸೆ ಹೆಚ್ಚಿದ್ದು ವಿಚಿತ್ರ. ತನ್ನನ್ನೇ ಬೈದುಕೊಂಡು ನಗಬಲ್ಲವನ ಮಾತು ನಂಬಿ ನಾಳೆ ಸಹಿ ಹಾಕಿಬಿಡಲೇ, ಅನು?